ಕೊಣ್ಣೂರಿನ ಮನೆ ಮತ್ತು ಕಡಲಾಚೆಯ ಸುಳ್ಳು

2025ರ ಮೇ ತಿಂಗಳ ಮಧ್ಯಭಾಗ. ಮಕ್ಕಳಿಗೆ ಶಾಲೆಗೆ ರಜೆ. ಬೆಳಗಾವಿಯ ಹಿಂದವಾಡಿಯಲ್ಲಿರುವ ನನ್ನ ಖಾಲಾರ ಮಗಳ ಮನೆಗೆ ಹೋಗಿದ್ದೆ. ಮಗ್ರಿಬ್ ನಮಾಝ್ ಮುಗಿಸಿ ಚಹಾಕ್ಕೆ ಕುಳಿತಿದ್ದೆವು. ಆಗ ಅವಳ ಮೊಬೈಲ್‌ಗೆ ಒಂದು ಸಂದೇಶ ಬಂತು. ಓದಿದವಳ ಮುಖ ಬಿಳಿಚಿತು. ‘ಕರ್ನಲ್ ಸೋಫಿಯಾ ಕುರೇಶಿಯವರ ಬೆಳಗಾವಿಯ ಮನೆಯ ಮೇಲೆ ಆರೆಸ್ಸೆಸ್‌ನವರು ದಾಳಿ ಮಾಡಿದ್ದಾರೆ’ ಎಂಬುದು ಅದರ ಸಾರಾಂಶ. “ಸೈನ್ಯದ ಅಧಿಕಾರಿಯ ಮನೆಗೇ ಹೀಗಾದರೆ ನಮ್ಮ ಗತಿ ಏನು ಆಪಾ?” ಎಂದಳು. ಕಿಟಕಿ ಮುಚ್ಚಿದಳು. ಹೊರಗೆ ಆಡುತ್ತಿದ್ದ ಮಕ್ಕಳನ್ನು ಒಳಗೆ ಕರೆದಳು. ನಂತರ ಆ ಸಂದೇಶವನ್ನು ಮನೆತನದ ಗ್ರೂಪಿಗೆ ಕಳಿಸಲು ಬೆರಳು ಎತ್ತಿದಳು.

ಆ ಹೊತ್ತಿಗೆ ಪಕ್ಕದ ಮನೆಯ ಅಕ್ಕಾವರು ಹೆಪ್ಪಿಗೆ ಮೊಸರು ಕೇಳಲು ಬಂದರು. ಅವರ ತವರು ಗೋಕಾಕ ಕಡೆ. ವಿಷಯ ಕೇಳಿ, “ತಡೀರಿ, ಗಡಿಬಿಡಿ ಮಾಡಬ್ಯಾಡ್ರಿ. ಅವರ ಗಂಡನ ಮನಿ ಕೊಣ್ಣೂರಾಗ ಐತಿ. ನಮ್ಮ ಅಣ್ಣ ಅಲ್ಲೇ ಹತ್ರ ಇರತಾನ, ಫೋನ್ ಹಚ್ಚಿ ಕೇಳತೀನಿ” ಎಂದರು. ಎರಡೇ ನಿಮಿಷದಲ್ಲಿ ಉತ್ತರ ಬಂತು. ಕೊಣ್ಣೂರಿನಲ್ಲಿ ಏನೂ ಆಗಿಲ್ಲ. ಮನೆಯ ಮುಂದೆ ಜನ ಸೇರಿದ್ದರು ನಿಜ. ಆದರೆ ಅವರೆಲ್ಲ ಆ ಕುಟುಂಬವನ್ನು ಅಭಿನಂದಿಸಲು ಬಂದವರು!

ನನ್ನ ತಂಗಿ ಮೊಬೈಲನ್ನು ಬದಿಗಿಟ್ಟಳು. ಆದರೆ ಅಂಥ ಅಕ್ಕಾವರು ಎಲ್ಲರ ಪಕ್ಕದ ಮನೆಯಲ್ಲೂ ಇರುವುದಿಲ್ಲ. ಫೋನ್ ಮಾಡಿ ಕೇಳುವ ಮೊದಲೇ ಕಳಿಸಿಬಿಟ್ಟವರು ಎಷ್ಟು ಮಂದಿಯೋ!

ನಡೆದದ್ದೇನು?

ಕರ್ನಲ್ ಸೋಫಿಯಾ ಕುರೇಶಿ ಗುಜರಾತಿನ ವಡೋದರಾದವರು. ಭೂಸೇನೆಯ ಸಿಗ್ನಲ್ಸ್ ವಿಭಾಗದ ಅಧಿಕಾರಿ. 2016ರಲ್ಲಿ ಪುಣೆಯಲ್ಲಿ ನಡೆದ ಬಹುರಾಷ್ಟ್ರೀಯ ಸೇನಾ ಅಭ್ಯಾಸದಲ್ಲಿ ಭಾರತದ ತುಕಡಿಯನ್ನು ಮುನ್ನಡೆಸಿದ ಮೊದಲ ಮಹಿಳೆ. ಅದಕ್ಕೂ ಮೊದಲು ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯಲ್ಲಿ ಕಾಂಗೋದಲ್ಲಿ ಸೇವೆ ಸಲ್ಲಿಸಿದ್ದರು. ಅವರ ಪತಿಯೂ ಸೇನಾಧಿಕಾರಿ. ಪತಿಯ ಊರು ಬೆಳಗಾವಿ ಜಿಲ್ಲೆ ಗೋಕಾಕ ತಾಲೂಕಿನ ಕೊಣ್ಣೂರು. 2025ರ ಮೇ 7ರಂದು ‘ಆಪರೇಷನ್ ಸಿಂಧೂರ’ದ ಕುರಿತು ವಿಂಗ್ ಕಮಾಂಡರ್ ವ್ಯೋಮಿಕಾ ಸಿಂಗ್ ಮತ್ತು ವಿದೇಶಾಂಗ ಕಾರ್ಯದರ್ಶಿ ವಿಕ್ರಮ್ ಮಿಸ್ರಿಯವರ ಜೊತೆ ಪತ್ರಕರ್ತರ ಮುಂದೆ ಕುಳಿತಾಗ ಅವರ ಹೆಸರು ಮನೆಮಾತಾಯಿತು. ಬೆಳಗಾವಿಯವರು ‘ನಮ್ಮ ಜಿಲ್ಲೆಯ ಸೊಸೆ’ ಎಂದು ಹೆಮ್ಮೆಪಟ್ಟರು.

ಕೆಲವೇ ದಿನಗಳಲ್ಲಿ ಎಕ್ಸ್ ಜಾಲತಾಣದಲ್ಲಿ ಆ ದಾಳಿಯ ಸುಳ್ಳು ಕಾಣಿಸಿಕೊಂಡಿತು. ಬೆಳಗಾವಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ ಡಾ. ಭೀಮಾಶಂಕರ ಗುಳೇದ ಅವರು ತಕ್ಷಣ ಇದು ಶುದ್ಧ ಸುಳ್ಳು ಎಂದು ಸ್ಪಷ್ಟಪಡಿಸಿದರು. ಬರೆದಾತ ಭಾರತೀಯನಂತೆ ತೋರುವುದಿಲ್ಲ, ಅವನ ಖಾತೆಯಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ಎಂಬ ವಿಳಾಸವಿದೆ ಎಂದು ಪೊಲೀಸರು ತಿಳಿಸಿದರು. ಬರಹವನ್ನು ಅಳಿಸಲಾಯಿತು. ಮುನ್ನೆಚ್ಚರಿಕೆಯಾಗಿ ಕೊಣ್ಣೂರಿನ ಮನೆಗೆ ಪೊಲೀಸ್ ಕಾವಲು ಬಂತು.

ಖಾತೆಯಲ್ಲಿ ಬರೆದ ವಿಳಾಸ ನಿಜವಾದ ವಿಳಾಸವೇ ಆಗಿರಬೇಕೆಂದಿಲ್ಲ. ಆದರೆ ಒಂದು ಮಾತು ಖಚಿತ. ಕೊಣ್ಣೂರು ಯಾವ ದಿಕ್ಕಿಗಿದೆ ಎಂಬುದೂ ತಿಳಿಯದ ಒಬ್ಬಾತ ಎಲ್ಲೋ ಕುಳಿತು ಬರೆದ ನಾಲ್ಕು ಸಾಲು ಬೆಳಗಾವಿಯ ಮನೆಗಳ ಕಿಟಕಿ ಮುಚ್ಚಿಸಬಲ್ಲದು.

ನಾವೇಕೆ ನಂಬಿದೆವು?

ಅದೇ ದಿನಗಳಲ್ಲಿ ಮಧ್ಯಪ್ರದೇಶದ ಸಚಿವ ವಿಜಯ್ ಶಾ ಕರ್ನಲ್ ಸೋಫಿಯಾರ ಕುರಿತು ಆಡಿದ ಹೀನ ಮಾತು ದೇಶವನ್ನೇ ಬೆಚ್ಚಿಬೀಳಿಸಿತ್ತು. ಮೇ 14ರಂದು ಮಧ್ಯಪ್ರದೇಶ ಹೈಕೋರ್ಟ್ ತಾನಾಗಿಯೇ ಪ್ರಕರಣವನ್ನು ಕೈಗೆತ್ತಿಕೊಂಡು ಸಚಿವರ ಮೇಲೆ ಎಫ್‌ಐಆರ್ ದಾಖಲಿಸಲು ಆದೇಶಿಸಿತು. ಹೀಗೆ ಮನಸ್ಸು ಮೊದಲೇ ನೊಂದಿತ್ತು. ಅಂಥ ಗಾಯಕ್ಕೆ ಹೊಂದುವಂತೆ ಸುಳ್ಳನ್ನು ಕತ್ತರಿಸಿ ಹೊಲಿಯಲಾಗಿತ್ತು.

ಸುಳ್ಳುಸುದ್ದಿಯ ಮರ್ಮವೇ ಇದು. ಅದು ಪೂರ್ತಿ ಗಾಳಿಯಲ್ಲಿ ಹುಟ್ಟುವುದಿಲ್ಲ. ಮಹಿಳಾ ಅಧಿಕಾರಿ ನಿಜ, ಬೆಳಗಾವಿಯ ನಂಟು ನಿಜ, ಸಚಿವರ ಮಾತು ನಿಜ. ಈ ಮೂರು ನಿಜಗಳ ನಡುವೆ ಒಂದು ಸುಳ್ಳನ್ನು ತುರುಕಿದರೆ ನಾಲ್ಕೂ ನಿಜದಂತೆ ಕಾಣುತ್ತವೆ. ಇದು ಹೊರದೇಶದವರಿಗೆ ‘ಭಾರತದಲ್ಲಿ ಸೇನಾಧಿಕಾರಿಯ ಕುಟುಂಬಕ್ಕೂ ರಕ್ಷಣೆಯಿಲ್ಲ’ ಎಂದು ಸಾರಲು ಒದಗುತ್ತದೆ. ನಮ್ಮೊಳಗೆ ಒಬ್ಬರ ಮೇಲೊಬ್ಬರಿಗೆ ಭೀತಿ ಹುಟ್ಟಿಸುತ್ತದೆ. ಸುಳ್ಳು ಬಯಲಾದ ಮೇಲೆ ‘ನೋಡಿ, ಮುಸ್ಲಿಮರೇ ಇದನ್ನು ಹರಡಿದರು’ ಎಂದು ನಮ್ಮತ್ತಲೇ ಬೆರಳು ತೋರಿಸಲಾಗುತ್ತದೆ. ಒಂದೇ ಸಂದೇಶದಿಂದ ಮೂರು ನಷ್ಟ!

ಟಿ.ವಿ.ಯಲ್ಲಿ ಬಿದ್ದ ನಗರಗಳು

ವಿದೇಶಿ ಸುಳ್ಳಿನ ಬಗ್ಗೆ ಮಾತಾಡುವಾಗ ನಮ್ಮ ಮನೆಯೊಳಗಿನ ಟಿ.ವಿ.ಯನ್ನು ಮರೆಯುವಂತಿಲ್ಲ. ಮೇ 8ರ ರಾತ್ರಿ ನಮ್ಮ ಕೆಲವು ರಾಷ್ಟ್ರೀಯ ಚಾನೆಲ್‌ಗಳು ಕರಾಚಿ ಬಂದರು ನಾಶವಾಯಿತೆಂದವು, ಪಾಕಿಸ್ತಾನದಲ್ಲಿ ಸೇನಾ ಕ್ಷಿಪ್ರಕ್ರಾಂತಿ ನಡೆಯಿತೆಂದವು. ಬೆಳಗಾಗುವಾಗ ಯಾವುದೂ ನಿಜವಾಗಿರಲಿಲ್ಲ.

ಅದಕ್ಕಿಂತ ನೋವಿನ ಸಂಗತಿ ಪೂಂಛ್‌ನದ್ದು. ಮೇ 7ರಂದು ಪಾಕಿಸ್ತಾನದ ಶೆಲ್ ದಾಳಿಗೆ ಅಲ್ಲಿನ ಜಾಮಿಯಾ ಝಿಯಾವುಲ್ ಉಲೂಮ್ ಮದ್ರಸಾದ ಶಿಕ್ಷಕರೊಬ್ಬರು ಬಲಿಯಾದರು. ಗಡ್ಡ, ಟೋಪಿಯ ಅವರ ಭಾವಚಿತ್ರವನ್ನು ತೋರಿಸಿ ಕೆಲವು ಚಾನೆಲ್‌ಗಳು ‘ಭಯೋತ್ಪಾದಕ ಹತ’ ಎಂದವು. ಅವರಿಗೂ ಭಯೋತ್ಪಾದನೆಗೂ ಯಾವ ನಂಟೂ ಇಲ್ಲವೆಂದು ಪೂಂಛ್ ಪೊಲೀಸರೇ ಹೇಳಬೇಕಾಯಿತು. ಶತ್ರುವಿನ ಶೆಲ್ಲಿಗೆ ಪ್ರಾಣ ಕಳಕೊಂಡವರ ಹೆಂಡತಿ ಮಕ್ಕಳು, ತಮ್ಮದೇ ದೇಶದ ಚಾನೆಲ್ ಅವರನ್ನು ಶತ್ರುವೆಂದು ಕರೆಯುವುದನ್ನು ಕೇಳಬೇಕಾಯಿತು. ಇದಕ್ಕಿಂತ ದೊಡ್ಡ ಅನ್ಯಾಯ ಯಾವುದಿದೆ?

ಆಚೆ ಬದಿಯೂ ಕಡಿಮೆಯಿರಲಿಲ್ಲ. ಅಲ್ಲಿನ ಉಪಪ್ರಧಾನಿ ಇಸ್‌ಹಾಕ್ ದಾರ್ ಸೆನೆಟ್‌ನಲ್ಲಿ, ತಮ್ಮ ವಾಯುಪಡೆಯನ್ನು ಬ್ರಿಟನ್ನಿನ ‘ಡೈಲಿ ಟೆಲಿಗ್ರಾಫ್’ ಹೊಗಳಿದೆ ಎಂದು ಹೆಮ್ಮೆಯಿಂದ ಹೇಳಿದರು. ಅಂಥ ಪುಟವೇ ಆ ಪತ್ರಿಕೆಯಲ್ಲಿ ಬಂದಿರಲಿಲ್ಲ, ಅದು ಯಾರೋ ಸೃಷ್ಟಿಸಿದ ನಕಲಿ ಚಿತ್ರ. ಅದನ್ನು ಬಯಲು ಮಾಡಿದ್ದು ಪಾಕಿಸ್ತಾನದ್ದೇ ‘ಡಾನ್’ ಪತ್ರಿಕೆ. ಕಂಪ್ಯೂಟರ್ ಆಟದ ದೃಶ್ಯಗಳು ಎರಡೂ ಕಡೆ ಯುದ್ಧದ ದೃಶ್ಯಗಳಾಗಿ ಓಡಾಡಿದವು.

ಸುಳ್ಳನ್ನು ತಡೆಯುವ ಹೆಸರಿನಲ್ಲಿ ಸತ್ಯದ ಬಾಯಿ ಮುಚ್ಚಿಸುವ ಅಪಾಯವೂ ಇದೆ. ಭಾರತದಲ್ಲಿ 8,000ಕ್ಕೂ ಹೆಚ್ಚು ಖಾತೆಗಳನ್ನು ತಡೆಹಿಡಿಯಲು ಸರಕಾರ ಆದೇಶಿಸಿದೆಯೆಂದು ಎಕ್ಸ್ ಸಂಸ್ಥೆ ಆಗ ತಿಳಿಸಿತು. ಅವುಗಳಲ್ಲಿ ಅಂತಾರಾಷ್ಟ್ರೀಯ ಸುದ್ದಿಸಂಸ್ಥೆಗಳ ಖಾತೆಗಳೂ ಇದ್ದವು. ‘ದಿ ವೈರ್’ ಎಂಬ ನಮ್ಮದೇ ಸುದ್ದಿತಾಣ ಕೂಡಾ ಸ್ವಲ್ಪ ಕಾಲ ತೆರೆಯದಾಯಿತು. ವಿದೇಶಿ ಅಪಪ್ರಚಾರ ಎಂಬ ಹಣೆಪಟ್ಟಿಯನ್ನು ಪ್ರಶ್ನೆ ಕೇಳುವವರಿಗೆಲ್ಲ ಅಂಟಿಸಿದರೆ ಪ್ರಜಾಪ್ರಭುತ್ವ ಉಳಿಯುವುದಾದರೂ ಹೇಗೆ?

ಒಬ್ಬ ಬಾಲಕಿಯ ಕಣ್ಣೀರು

ಸುಳ್ಳನ್ನು ಹೊರದೇಶದಿಂದ ಕೊಂಡು ತಂದು ಪ್ರಜಾಪ್ರಭುತ್ವದ ಅಂಗಳದಲ್ಲಿ ಮಾರುವ ವ್ಯಾಪಾರ ಮೊಬೈಲಿಗಿಂತ ಹಳೆಯದು. 1990ರ ಅಕ್ಟೋಬರ್ 10ರಂದು ಅಮೆರಿಕದ ಸಂಸದರ ಮಾನವ ಹಕ್ಕುಗಳ ಕೂಟದ ಮುಂದೆ ನಯೀರಾ ಎಂಬ 15 ವರ್ಷದ ಕುವೈತಿ ಬಾಲಕಿ ಅತ್ತಳು. ಇರಾಕಿ ಸೈನಿಕರು ಆಸ್ಪತ್ರೆಗೆ ನುಗ್ಗಿ ಹಸುಗೂಸುಗಳನ್ನು ಇನ್‌ಕ್ಯುಬೇಟರ್‌ನಿಂದ ತೆಗೆದು ನೆಲದ ಮೇಲೆ ಸಾಯಲು ಬಿಟ್ಟುದನ್ನು ತಾನು ನೋಡಿದೆ ಎಂದಳು. ಅಧ್ಯಕ್ಷ ಬುಷ್ ಅದನ್ನು ಮತ್ತೆ ಮತ್ತೆ ಹೇಳಿದರು. ಪತ್ರಿಕೆಗಳು ಬರೆದವು, ಟಿ.ವಿ.ಗಳು ತೋರಿಸಿದವು. 1991ರ ಜನವರಿಯಲ್ಲಿ ಸೆನೆಟ್ 52-47 ಮತಗಳಿಂದ ಯುದ್ಧಕ್ಕೆ ಒಪ್ಪಿತು.

ಆಕೆ ಅಮೆರಿಕದಲ್ಲಿದ್ದ ಕುವೈತ್ ರಾಯಭಾರಿಯ ಮಗಳು ಎಂಬುದು ಹೊರಬಂದದ್ದು 1992ರಲ್ಲಿ. ಕುವೈತ್‌ನ ಪರವಾಗಿ ಹಿಲ್ ಆ್ಯಂಡ್ ನೋಲ್ಟನ್ ಎಂಬ ಪ್ರಚಾರ ಸಂಸ್ಥೆ ಆ ಸಾಕ್ಷ್ಯಕ್ಕೆ ವೇದಿಕೆ ಸಿದ್ಧಪಡಿಸಿತ್ತು. ಕತೆಗೆ ಆಧಾರ ಸಿಗಲಿಲ್ಲ. ಸದ್ದಾಮ್‌ನ ಕುವೈತ್ ಆಕ್ರಮಣ ಅನ್ಯಾಯವಾಗಿತ್ತು ಎಂಬುದು ಸತ್ಯ. ಸತ್ಯವೇ ಕೈಯಲ್ಲಿದ್ದಾಗ ಸುಳ್ಳನ್ನೇಕೆ ಸೇರಿಸಿದರು? ಏಕೆಂದರೆ ಕಂದಮ್ಮಗಳ ಕತೆ ತಾಯಂದಿರ ಕರುಳಿಗೆ ನೇರವಾಗಿ ತಾಗುತ್ತದೆ. 2003ರಲ್ಲಿ ಇದೇ ಇರಾಕ್‌ನಲ್ಲಿ ಸಮೂಹ ನಾಶದ ಅಸ್ತ್ರಗಳಿವೆ ಎಂದು ಮತ್ತೊಂದು ಯುದ್ಧವಾಯಿತು. ಅಸ್ತ್ರ ಸಿಗಲಿಲ್ಲ. ದೇಶಭ್ರಷ್ಟ ಇರಾಕಿಗಳ ಮಾತನ್ನು ಸಾಕಷ್ಟು ಪರಿಶೀಲಿಸದೆ ಪ್ರಕಟಿಸಿದೆವೆಂದು ‘ನ್ಯೂಯಾರ್ಕ್ ಟೈಮ್ಸ್’ 2004ರ ಮೇ ತಿಂಗಳಲ್ಲಿ ತಪ್ಪೊಪ್ಪಿಕೊಂಡಿತು. ಅಷ್ಟರಲ್ಲಿ ಬಾಗ್ದಾದ್ ಉರಿದಾಗಿತ್ತು.

ನಮ್ಮ ಕಡೆಯವರೂ ಈ ವ್ಯಾಪಾರದಿಂದ ದೂರವಿಲ್ಲ. ಯುರೋಪಿನ ‘ಇಯು ಡಿಸ್‌ಇನ್‌ಫೋಲ್ಯಾಬ್’ ಎಂಬ ಸಂಸ್ಥೆ 2020ರ ಡಿಸೆಂಬರ್‌ನಲ್ಲಿ ಒಂದು ವರದಿ ಪ್ರಕಟಿಸಿತು. ದಿಲ್ಲಿಯ ಶ್ರೀವಾಸ್ತವ ಗ್ರೂಪ್‌ನೊಂದಿಗೆ ನಂಟಿರುವ ಜಾಲವೊಂದು 15 ವರ್ಷಗಳಲ್ಲಿ 750ಕ್ಕೂ ಹೆಚ್ಚು ನಕಲಿ ಸುದ್ದಿತಾಣಗಳನ್ನು ಎಬ್ಬಿಸಿ, ಪಾಕಿಸ್ತಾನದ ವಿರುದ್ಧ ಯುರೋಪಿನಲ್ಲಿ ಪ್ರಚಾರ ನಡೆಸಿತ್ತು ಎಂದು ಅದು ಹೇಳಿತು. 2006ರಲ್ಲೇ ತೀರಿಹೋದ ಅಂತಾರಾಷ್ಟ್ರೀಯ ಕಾನೂನಿನ ಪ್ರಸಿದ್ಧ ಪ್ರಾಧ್ಯಾಪಕ ಲೂಯಿಸ್ ಸೋನ್‌ರ ಹೆಸರು 2007ರ ಸಭೆಯ ಹಾಜರಿಯಲ್ಲಿತ್ತು! ಆ ತಾಣಗಳಲ್ಲಿ ಬಂದದ್ದು ‘ಯುರೋಪಿನ ಅಭಿಪ್ರಾಯ’ ಎಂಬ ಹೆಸರಿನಲ್ಲಿ ಭಾರತದ ಸುದ್ದಿಸಂಸ್ಥೆಯ ಮೂಲಕ ನಮ್ಮ ಪತ್ರಿಕೆಗಳಿಗೇ ತಲುಪುತ್ತಿತ್ತು. ಭಾರತ ಸರಕಾರ ಇದರಲ್ಲಿ ತನ್ನ ಪಾತ್ರವಿಲ್ಲವೆಂದು ನಿರಾಕರಿಸಿತು. ಅದೇನೇ ಇರಲಿ, ವಂಚನೆಗೊಳಗಾದವರಲ್ಲಿ ಯುರೋಪಿನವರಷ್ಟೇ ಅಲ್ಲ, ಬೆಳಿಗ್ಗೆ ಪತ್ರಿಕೆ ಓದುವ ನಾವೂ ಇದ್ದೆವು.

ಬೆಂಗಳೂರಿನ ರೈಲುಗಳು, ಬೀದರ್‌ನ ರಸ್ತೆ

ನಮ್ಮ ರಾಜ್ಯ ಇದಕ್ಕೆ ತೆತ್ತ ಬೆಲೆಯನ್ನು ನೆನಪಿಸಿಕೊಳ್ಳಿ. 2012ರ ಆಗಸ್ಟ್ 15ರಿಂದ ಎರಡು-ಮೂರು ದಿನ ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಈದ್ ಬಳಿಕ ಮುಸ್ಲಿಮರು ಈಶಾನ್ಯ ರಾಜ್ಯದವರ ಮೇಲೆ ದಾಳಿ ಮಾಡಲಿದ್ದಾರೆ ಎಂಬ ಎಸ್ಸೆಮ್ಮೆಸ್ ಹರಡಿತ್ತು. ಸಾವಿರಾರು ಮಂದಿ ಕೆಲಸ, ಓದು ಬಿಟ್ಟು ವಿಶೇಷ ರೈಲುಗಳಲ್ಲಿ ಗುವಾಹಟಿಯತ್ತ ಹೊರಟರು. ಅದಕ್ಕೂ ಮೊದಲು, 2010ರ ಟಿಬೆಟ್ ಭೂಕಂಪದ ಶವಗಳ ಚಿತ್ರವನ್ನು ‘ಬರ್ಮಾದಲ್ಲಿ ಮುಸ್ಲಿಮರ ಹತ್ಯೆ’ ಎಂದು ಹಂಚಲಾಗಿತ್ತು. ಅಂದರೆ ಒಂದು ಸುಳ್ಳು ಮುಸ್ಲಿಮರನ್ನು ಕೆರಳಿಸಲು, ಇನ್ನೊಂದು ಸುಳ್ಳು ಅವರಿಗೆ ಇತರರು ಹೆದರುವಂತೆ ಮಾಡಲು! ತಿರುಚಿದ ಚಿತ್ರಗಳಲ್ಲಿ ಹೆಚ್ಚಿನವು ಪಾಕಿಸ್ತಾನದಿಂದ ಬಂದವೆಂದು ಕೇಂದ್ರ ಗೃಹ ಕಾರ್ಯದರ್ಶಿ ಆರ್.ಕೆ. ಸಿಂಗ್ ಹೇಳಿದರು. ಪಾಕಿಸ್ತಾನ ಅಲ್ಲಗಳೆದು ಪುರಾವೆ ಕೇಳಿತು. ಕೊನೆಗೆ ಸರಕಾರ ಒಬ್ಬರು ಒಮ್ಮೆಗೆ ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಕಳಿಸದಂತೆ ನಿರ್ಬಂಧ ಹೇರಿತು. ನಿಲ್ದಾಣಕ್ಕೆ ಹೋಗಿ ‘ಹೋಗಬೇಡಿ, ನಿಮ್ಮ ಜೊತೆ ನಾವಿದ್ದೇವೆ’ ಎಂದು ಹೇಳಿದವರಲ್ಲಿ ಮುಸ್ಲಿಮ್ ಸಂಘಟನೆಗಳವರೂ ಇದ್ದರು.

2018ರಲ್ಲಿ ಇನ್ನೊಂದು ವೀಡಿಯೋ ದೇಶವೆಲ್ಲ ಸುತ್ತಿತು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುವ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗಾಗಿ ಮಾಡಿದ ಕಿರುಚಿತ್ರ. ಕೊನೆಯಲ್ಲಿ ಮಗುವನ್ನು ಮರಳಿ ಬಿಟ್ಟು ಎಚ್ಚರಿಕೆಯ ಫಲಕ ತೋರಿಸುವ ಭಾಗವನ್ನು ಯಾರೋ ಕತ್ತರಿಸಿದ್ದರು. ಮಕ್ಕಳ ಕಳ್ಳರ ವದಂತಿ ಕಾಳ್ಗಿಚ್ಚಾಯಿತು. ಆ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕಲೇಟು ಕೊಟ್ಟದ್ದೇ ನೆಪವಾಗಿ ಹೈದರಾಬಾದಿನ 32 ವರ್ಷದ ಇಂಜಿನಿಯರ್ ಒಬ್ಬರನ್ನು ಗುಂಪು ಹೊಡೆದು ಕೊಂದಿತು. ಅದಾದ ಒಂದು ವಾರದೊಳಗೆ ವಾಟ್ಸ್ಆ್ಯಪ್ ಸಂಸ್ಥೆ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸುವ ಮಿತಿಯನ್ನು ಪ್ರಕಟಿಸಿತು. ನಮ್ಮ ಮೊಬೈಲಿನಲ್ಲಿರುವ ಆ ಮಿತಿಯ ಹಿಂದೆ ಇಂಥ ಸಾವುಗಳಿವೆ.

ಇದೇ ಬೆಳಗಾವಿಯಲ್ಲಿ, 2020ರಲ್ಲಿ

ಕೊಣ್ಣೂರಿನ ಸುಳ್ಳಿಗೆ ಐದು ವರ್ಷ ಮೊದಲು ಬೆಳಗಾವಿಯ ಹೆಸರಿನಲ್ಲಿ ಇನ್ನೊಂದು ಸುಳ್ಳು ಓಡಿತ್ತು. 2020ರ ಎಪ್ರಿಲ್, ಕೊರೋನಾ ಲಾಕ್‌ಡೌನ್. ಬೆಳಗಾವಿಯ ಆಸ್ಪತ್ರೆಯಲ್ಲಿ ಪ್ರತ್ಯೇಕವಾಗಿರಿಸಲಾದ ತಬ್ಲೀಗ್ ಜಮಾಅತ್‌ನವರು ಸಿಬ್ಬಂದಿಯ ಜೊತೆ ಅಸಭ್ಯವಾಗಿ ವರ್ತಿಸುತ್ತಿದ್ದಾರೆ, ಕುಣಿಯುತ್ತಿದ್ದಾರೆ, ಕಂಡಕಂಡಲ್ಲಿ ಉಗುಳುತ್ತಿದ್ದಾರೆ ಎಂದು ರಾಜ್ಯದ ಸಂಸದರೊಬ್ಬರು ಟ್ವೀಟ್ ಮಾಡಿದರು. ಅಂಥದ್ದೇನೂ ನಡೆದಿಲ್ಲವೆಂದು ಆಗಿನ ಜಿಲ್ಲಾಧಿಕಾರಿ ಎಸ್.ಬಿ. ಬೊಮ್ಮನಹಳ್ಳಿಯವರು ಸ್ಪಷ್ಟಪಡಿಸಿದರು. ಆದರೆ ಟ್ವೀಟ್ ತಲುಪಿದಷ್ಟು ದೂರ ಸ್ಪಷ್ಟನೆ ತಲುಪಲಿಲ್ಲ. ಹಣ್ಣು-ತರಕಾರಿ ಮಾರುವ ನಮ್ಮ ಬಡ ಸಹೋದರರನ್ನು ಹಲವು ಓಣಿಗಳಿಂದ ವಾಪಸು ಕಳಿಸಿದ ದಿನಗಳವು.

ನ್ಯಾಯಾಲಯಗಳು ತಡವಾಗಿಯಾದರೂ ಮಾತಾಡಿದವು. 2020ರ ಆಗಸ್ಟ್ 21ರಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ 29 ವಿದೇಶಿಯರ ಮೇಲಿನ ಪ್ರಕರಣಗಳನ್ನು ರದ್ದುಮಾಡಿ, ಪತ್ರಿಕೆ ಮತ್ತು ಟಿ.ವಿ.ಗಳಲ್ಲಿ ಅವರ ವಿರುದ್ಧ ದೊಡ್ಡ ಅಪಪ್ರಚಾರ ನಡೆಯಿತು, ಅವರನ್ನು ಬಲಿಪಶು ಮಾಡಲಾಯಿತು ಎಂಬರ್ಥದ ಮಾತುಗಳನ್ನಾಡಿತು. ಆ ವರ್ಷದ ಡಿಸೆಂಬರ್‌ನಲ್ಲಿ ದಿಲ್ಲಿಯ ನ್ಯಾಯಾಲಯ 36 ವಿದೇಶಿಯರನ್ನು ಖುಲಾಸೆ ಮಾಡಿತು. ವಿದೇಶಿಯರಿಗೆ ಆಸರೆ ಕೊಟ್ಟರೆಂದು ಆರೋಪ ಹೊತ್ತಿದ್ದ 70 ಭಾರತೀಯರ ಮೇಲಿನ ಪ್ರಕರಣಗಳನ್ನು ದಿಲ್ಲಿ ಹೈಕೋರ್ಟ್ ರದ್ದುಪಡಿಸಿದ್ದು 2025ರ ಜುಲೈಯಲ್ಲಿ. ಐದು ವರ್ಷ! ಸುಳ್ಳಿಗೆ ಒಂದು ಸಂಜೆ ಸಾಕಾಯಿತು.

ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. 2020ರಲ್ಲಿ ನಮ್ಮ ವಿರುದ್ಧದ ಸುಳ್ಳನ್ನು ನೆರೆಯವರು ಪರಿಶೀಲಿಸದೆ ನಂಬಿದಾಗ ನಾವು ಅತ್ತೆವು. 2025ರಲ್ಲಿ ಇನ್ನೊಬ್ಬರ ವಿರುದ್ಧದ ಸುಳ್ಳು ನಮ್ಮ ಕೈಗೆ ಬಂದಾಗ ನಾವೇನು ಮಾಡಿದೆವು? ನಮಗಾದರೆ ಬೇರೆ ತಕ್ಕಡಿ, ಅವರಿಗಾದರೆ ಬೇರೆ ತಕ್ಕಡಿಯೇ?

ಒಂದು ತಿಂಗಳ ಕಣ್ಣೀರು

ವದಂತಿಯ ಬಿಸಿ ಎಷ್ಟೆಂಬುದು ಇಸ್ಲಾಮೀ ಇತಿಹಾಸ ಬಲ್ಲ ಮಹಿಳೆಯರಿಗೆ ಹೊಸತಲ್ಲ. ಬನೂ ಮುಸ್ತಲಿಕ್ ಯಾತ್ರೆಯಿಂದ ಮರಳುವಾಗ ಕಳೆದುಹೋದ ಕೊರಳ ಸರವನ್ನು ಹುಡುಕುತ್ತಾ ಹಿಂದುಳಿದ ಹಝ್ರತ್ ಆಯಿಶಾ(ರ)ರ ಮೇಲೆ ಕಪಟಿಗಳು ಅಪವಾದ ಹೊರಿಸಿದರು. ಸುಮಾರು ಒಂದು ತಿಂಗಳು ಮದೀನಾ ಆ ಮಾತಿನಲ್ಲಿ ಬೆಂದಿತು. ಹುಟ್ಟಿಸಿದವರು ಕಪಟಿಗಳು ನಿಜ. ಆದರೆ ಬಾಯಿಂದ ಬಾಯಿಗೆ ದಾಟಿಸಿದವರಲ್ಲಿ ಸತ್ಯವಿಶ್ವಾಸಿಗಳೂ ಇದ್ದರು. ಅದೇ ಹೊತ್ತಿನಲ್ಲಿ ಅಬೂ ಅಯ್ಯೂಬ್ ಅನ್ಸಾರಿ(ರ) ತಮ್ಮ ಪತ್ನಿಯೊಡನೆ, ‘ನೀನು ಅಂಥ ಕೆಲಸ ಮಾಡುತ್ತಿದ್ದೆಯಾ? ಇಲ್ಲ ತಾನೇ? ಆಯಿಶಾ ನಿನಗಿಂತ ಉತ್ತಮರು’ ಎಂಬ ಅರ್ಥದಲ್ಲಿ ಹೇಳಿ ಮಾತನ್ನು ಮನೆಯ ಹೊಸ್ತಿಲಲ್ಲೇ ನಿಲ್ಲಿಸಿದರು. ಹಝ್ರತ್ ಝೈನಬ್(ರ) ಸವತಿಯಾಗಿದ್ದರೂ, ಕಾಣದ್ದನ್ನು ಕಂಡೆನೆನ್ನಲು, ಕೇಳದ್ದನ್ನು ಕೇಳಿದೆನೆನ್ನಲು ನಿರಾಕರಿಸಿದರು. ಅನ್ನೂರ್ ಅಧ್ಯಾಯ ಈ ಘಟನೆಯ ಕುರಿತು ಮಾತಾಡುವಾಗ ಸುಳ್ಳು ಕಟ್ಟಿದವರನ್ನು ಮಾತ್ರವಲ್ಲ, ಅರಿವಿಲ್ಲದ ಸಂಗತಿಯನ್ನು ಹಗುರವೆಂದು ಬಗೆದು ನಾಲಗೆಯ ಮೇಲೆ ಹೊತ್ತು ತಿರುಗಿದವರನ್ನೂ ಎಚ್ಚರಿಸುತ್ತದೆ. ಅಲ್‌ಹುಜುರಾತ್ ಅಧ್ಯಾಯದ 6ನೇ ಸೂಕ್ತವಂತೂ, ನಂಬಲರ್ಹನಲ್ಲದವನು ಸುದ್ದಿ ತಂದರೆ ಪರಿಶೀಲಿಸಿರಿ, ಇಲ್ಲವಾದರೆ ಅರಿಯದೆ ಜನರಿಗೆ ಹಾನಿ ಮಾಡಿ ಪಶ್ಚಾತ್ತಾಪ ಪಡುವಿರಿ ಎಂಬ ಆಶಯವನ್ನು ನಮ್ಮ ಮುಂದಿಡುತ್ತದೆ. ಕೇಳಿದ್ದನ್ನೆಲ್ಲ ಹೇಳುತ್ತಾ ಹೋಗುವುದೇ ಒಬ್ಬನನ್ನು ಸುಳ್ಳುಗಾರನನ್ನಾಗಿಸಲು ಸಾಕು ಎಂಬುದು ಪ್ರವಾದಿ(ಸ)ರ ಬೋಧನೆ.

ನಮ್ಮ ಮನೆಯಲ್ಲಿ ಏನು ಮಾಡೋಣ?

ಸುದ್ದಿ ಸಿಟ್ಟು ತರಿಸಿದರೆ, ಹೆದರಿಸಿದರೆ, ಅಳಿಸಿದರೆ ಮೊದಲು ಮೊಬೈಲ್ ಕೆಳಗಿಡಿ. ಸುಳ್ಳು ಕಟ್ಟುವವರು ಕಾಯುವುದು ಆ ಬಿಸಿ ಗಳಿಗೆಗೇ.

ಎಲ್ಲಿ, ಯಾವಾಗ, ಯಾರು ಹೇಳಿದ್ದು ಎಂಬ ಮೂರು ಪ್ರಶ್ನೆ ಕೇಳಿ. ಊರಿನ ಹೆಸರು, ದಿನಾಂಕ, ಹೇಳಿದವರ ಗುರುತು ಇಲ್ಲದಿದ್ದರೆ ಅದು ಸುದ್ದಿಯಲ್ಲ.

ಸಂದೇಶದ ಮೇಲೆ ಜೋಡಿ ಬಾಣದ ಗುರುತಿದ್ದರೆ ಅದು ಅನೇಕ ಕೈ ದಾಟಿ ಬಂದದ್ದು. ಕಳಿಸಿದವರು ನಿಮ್ಮ ನಾದಿನಿಯೇ ಇರಬಹುದು, ಬರೆದವರು ಅವರಲ್ಲ.

ಚಿತ್ರದ ಬಗ್ಗೆ ಸಂಶಯವಿದ್ದರೆ ಕಾಲೇಜಿಗೆ ಹೋಗುವ ಮಗಳ ಕೈಗೆ ಕೊಡಿ. ಗೂಗಲ್ ಲೆನ್ಸ್‌ನಲ್ಲಿ ಹಾಕಿದರೆ ಅದೇ ಚಿತ್ರ ಹಿಂದೆ ಎಲ್ಲೆಲ್ಲಿ ಬಂದಿತ್ತು ಎಂಬುದು ಹೆಚ್ಚಾಗಿ ಸಿಕ್ಕಿಬಿಡುತ್ತದೆ.

ಒಂದೇ ಚಾನೆಲ್ ನಂಬಬೇಡಿ. ಸರಕಾರದ ‘ಪಿಐಬಿ ಫ್ಯಾಕ್ಟ್ ಚೆಕ್’ ಇದೆ, ಸ್ವತಂತ್ರವಾದ ‘ಆಲ್ಟ್ ನ್ಯೂಸ್’, ‘ಬೂಮ್’ನಂಥವು ಇವೆ. ಹತ್ತಿರದ ಸುದ್ದಿಯಾದರೆ ಆ ಊರಲ್ಲಿರುವವರಿಗೆ ಒಂದು ಫೋನ್ ಮಾಡಿ. ಬೀಗರು, ನೆಂಟರು, ಗೆಳತಿಯರು ಇಲ್ಲದ ಊರು ನಮಗೆ ಯಾವುದಿದೆ?

ತಪ್ಪಾಗಿ ಕಳಿಸಿದ್ದರೆ ಸದ್ದಿಲ್ಲದೆ ಅಳಿಸಿ ಸುಮ್ಮನಾಗಬೇಡಿ. ಅದೇ ಗ್ರೂಪಿನಲ್ಲಿ ‘ನಾನು ಕಳಿಸಿದ್ದು ಸುಳ್ಳು ಸುದ್ದಿ, ಕ್ಷಮಿಸಿ’ ಎಂದು ಬರೆಯಿರಿ. ನಾಚಿಕೆ ಎನಿಸಬಹುದು. ಆದರೆ ಮಕ್ಕಳು ಅದನ್ನು ನೋಡಿ ಕಲಿಯುತ್ತಾರೆ.

ಸುಳ್ಳು ನಮ್ಮ ವಿರುದ್ಧ ಬಂದಾಗಲೂ ಬೈಗುಳದಿಂದ ಉತ್ತರಿಸಬೇಡಿ. ಪತ್ರಿಕೆಯ ಸಂಪಾದಕರಿಗೆ ಪತ್ರ ಬರೆಯಿರಿ, ಪೊಲೀಸರಿಗೆ ದೂರು ಕೊಡಿ. ಸ್ಪಷ್ಟನೆಯನ್ನು ಸುಳ್ಳು ತಲುಪಿದ ಮನೆಗಳಿಗೇ ತಲುಪಿಸಿ.

ಅಂದು ರಾತ್ರಿ ಹಿಂದವಾಡಿಯ ಮನೆಯಲ್ಲಿ ನನ್ನ ತಂಗಿ ಕಿಟಕಿ ತೆರೆದಳು. ಮಕ್ಕಳು ಮತ್ತೆ ಹೊರಗೆ ಓಡಿದರು. ಅಕ್ಕಾವರು ಕೇಳಲು ಬಂದಿದ್ದ ಮೊಸರು ಮಾತಿನ ಗಡಿಬಿಡಿಯಲ್ಲಿ ಅಡುಗೆಮನೆಯಲ್ಲೇ ಉಳಿದಿತ್ತು. ಬಟ್ಟಲು ಹಿಡಿದು ಅವರ ಬಾಗಿಲಿಗೆ ಹೋದವಳಿಗೆ ಅಕ್ಕಾವರು, “ಇನ್ನ ಮ್ಯಾಲೆ ಅಂಥಾದ್ದು ಬಂದ್ರ ಮೊದಲ ನನ್ನ ಕೇಳ್ರಿ, ನಾನೂ ನಿಮ್ಮನ್ನ ಕೇಳತೀನಿ” ಎಂದರು.

ನೆರೆಮನೆಯ ಬಾಗಿಲು ತೆರೆದಿದ್ದರೆ ದೂರದೇಶದ ಸುಳ್ಳು ಹೊಸ್ತಿಲು ದಾಟಲಾರದು. ಆ ಬಾಗಿಲನ್ನು ತೆರೆದಿಡುವ ಕೆಲಸ ನಮ್ಮದು. ಪ್ರತಿಯೊಂದು ಮಾತಿಗೂ ಲೆಕ್ಕ ಕೊಡಬೇಕಾದ ದಿನವೊಂದಿದೆ ಎಂದು ನಂಬಿದವರಿಗೆ, ಬೆರಳ ತುದಿಯಿಂದ ಕಳಿಸಿದ್ದಕ್ಕೂ ಲೆಕ್ಕವಿದೆ ಎಂಬುದು ನೆನಪಿರಲಿ.